ದಪ್ಪ ತಂತಿಯ ದನಿ

ಮೂಗಿನ ತುದಿಯಲ್ಲೇ ಸಿಟ್ಟಿರುವವನು ಸ್ಪೀಕರ್ ಕೊಳ್ಳಲು ಹೋಗಬಾರದು. ನಾನು ಹೋದೆ.

ಸಭೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವುದು ನನ್ನ ಕಸುಬು. ಮಗಳು ಒಂದು ವಾದ್ಯತಂಡದಲ್ಲಿ ತಗ್ಗು ಸ್ವರದ ಬೇಸ್ ಗಿಟಾರ್ ನುಡಿಸುತ್ತಾಳೆ. ಕಾರ್ಯಕ್ರಮವೊಂದು ಹತ್ತಿರವಿರುವಾಗಲೇ ತಂಡದ ಸ್ಪೀಕರುಗಳು ಸುಟ್ಟುಹೋದಾಗ "ನಮ್ಮಪ್ಪ ತಂದುಕೊಡ್ತಾರೆ, ಅವರಿಗೆ ಎಲ್ಲಾ ಗೊತ್ತು" ಅಂದುಬಿಟ್ಟಳಂತೆ. ಪಾಪ, ನಂಬಿದ್ದಳು.

ಅಂಗಡಿಯವನು ಕೇಳಿದ: "ಭಾಷಣಕ್ಕಾ ಸಾರ್, ಸಂಗೀತಕ್ಕಾ?"

"ಫುಲ್ ರೇಂಜ್ ಅಂತ ಬರೆದಿದ್ದೀಯಲ್ಲ. ಫುಲ್ ಅಂದ್ಮೇಲೆ ಎಲ್ಲಾ ಬಂತು. ಅಷ್ಟು ಇಂಗ್ಲಿಷ್ ನಂಗೂ ಬರುತ್ತೆ."

"ಹೆಸರು ಹಾಗೇ ಸಾರ್. ಆದ್ರೆ ಚಿಕ್ಕ ಪೆಟ್ಟಿಗೇಲಿ ತೀರಾ ಕೆಳಗಿನ ದನಿ..."

"ನೀನು ಹುಟ್ಟೋಕೆ ಮುಂಚೆ ಮೈಕ್ ಕಟ್ಟಿದೋನು ನಾನು!"

ಅವನು ಬಾಯಿ ಮುಚ್ಚಿಕೊಂಡ. ನಾನು ತೆರೆದೆ. ಮೈಕಿನಲ್ಲಿ "ಹಲೋ, ಹಲೋ" ಅಂದರೆ ದೊಡ್ಡ ಪೆಟ್ಟಿಗೆಯಲ್ಲಿ ನನ್ನ ದನಿ ಹಂಡೆಯೊಳಗೆ ಕೂತವನ ಹಾಗೆ ಕೇಳಿತು. ಚಿಕ್ಕದರಲ್ಲಿ ಗಂಟೆ ಬಾರಿಸಿದಂತೆ ಖಣಖಣ. ಖುಷಿಯಾಗಿ ಒಂದು ಸ್ವಾಗತ ಭಾಷಣವನ್ನೇ ಮಾಡಿದೆ. ಎದುರಿಗಿದ್ದದ್ದು ಎರಡು ಖಾಲಿ ಕುರ್ಚಿ. ಚಿಕ್ಕ ಜೋಡಿಯನ್ನೇ ಕೊಂಡು ತಂದೆ.

ಅಭ್ಯಾಸದ ಕೋಣೆಯಲ್ಲಿ ಮಗಳು ಗಿಟಾರಿನ ಅತಿ ದಪ್ಪ ತಂತಿ ಮೀಟಿದಳು. ಬೆರಳು ಆಡಿತು, ಉಗುರು ಟಿಕ್ ಅಂದಿತು. ದನಿ ಮಾತ್ರ ನಾಪತ್ತೆ.

"ಜೋರಾಗಿ ಮೀಟೇ!"

"ಮೀಟ್ತಾ ಇದ್ದೀನಪ್ಪ!"

ವಾಲ್ಯೂಮ್ ಏರಿಸಿದೆ. ಪೆಟ್ಟಿಗೆ ಹರಿದ ಚಪ್ಪಲಿಯಂತೆ ಪಟಪಟ ಅಂದಿತು. ವೈರ್ ಬದಲಿಸಿದೆ, ಪ್ಲಗ್ಗಿಗೆ ಬೈದೆ, ಗಿಟಾರೇ ಸರಿಯಿಲ್ಲ ಅಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಸಿಂಥ್ ಕೀಬೋರ್ಡ್ ನುಡಿಸುವಾಕೆಯೇ ತಂಡದ ಯಜಮಾನಿ. ಎಡಗೈಯ ಕೊನೆಯ ಕೀಲಿಗಳನ್ನು ಒತ್ತಿ ನೋಡಿದಳು. ಅವೂ ಮೂಕ. "ನಾನಾದ್ರೆ ಒಂದು ಸ್ಥಾಯಿ ಮೇಲೆ ನುಡಿಸ್ಕೋತೀನಿ," ಅಂದಳು ಮಗಳಿಗೆ. "ಕೇಳಿಸದ ಬೇಸ್ ಇದ್ರೇನು, ಇಲ್ದಿದ್ರೇನು? ಈ ಕಾರ್ಯಕ್ರಮಕ್ಕೆ ನೀನು ಬೇಡ ಬಿಡು."

ಮಗಳು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಕೂಗಾಡಬಹುದಿತ್ತು, ಅದರಲ್ಲಿ ನನಗೆ ಒಳ್ಳೆಯ ರೂಢಿ.

"ನಾಳೆ ಸಂಜೆ ಇನ್ನೊಂದು ಸಲ ನೋಡಮ್ಮ," ಅಂತ ಯಜಮಾನಿಯನ್ನು ಬೇಡಿಕೊಂಡೆ. ನಾನು ಬೇಡಿಕೊಂಡದ್ದು ಕೇಳಿ ಮಗಳೇ ತಿರುಗಿ ನೋಡಿದಳು.

ಬೆಳಿಗ್ಗೆ ಅವಳನ್ನೂ ಗಿಟಾರನ್ನೂ ಅಂಗಡಿಗೆ ಕರೆದೊಯ್ದೆ. ಬದಲಿಸಿಕೊಡಲು ಅಂಗಡಿಯವನು ಒಪ್ಪಿದ. ಒಂದೊಂದೇ ಪೆಟ್ಟಿಗೆಗೆ ಸಿಕ್ಕಿಸಿ, ಮಗಳು ಮೇಲಿನಿಂದ ಕೆಳಕ್ಕೆ ಮೆಟ್ಟಿಲಿಳಿದಂತೆ ಒಂದೊಂದೇ ಸ್ವರ ನುಡಿಸಿದಳು. ಚಿಕ್ಕವುಗಳಲ್ಲಿ ಕೊನೆಯ ಮೆಟ್ಟಿಲುಗಳೇ ಇರಲಿಲ್ಲ. ದನಿ ಹೊಮ್ಮಿಸುವ ಬಟ್ಟಲು, ಅಂದರೆ ಕೋನ್, ಹದಿನೈದು ಇಂಚಿನಷ್ಟಿದ್ದ ದೊಡ್ಡ ಪೆಟ್ಟಿಗೆಯಲ್ಲಿ ತಳದವರೆಗೂ ಇಳಿದಳು. ಗಲ್ಲಾದ ಗಾಜು ಗುಂಯ್ ಅಂದಿತು, ನನ್ನ ಹೊಟ್ಟೆಯೂ ಅದುರಿತು. ಅಭಿಪ್ರಾಯ ಹೇಳಲು ಬಾಯಿ ತೆರೆದೆ.

"ಅಪ್ಪಾ, ಸ್ವಲ್ಪ ಸುಮ್ನಿರ್ತೀಯಾ?"

ಸುಮ್ಮನಿದ್ದೆ. ಅಂಗಡಿಯವನಿಗೆ ಆದ ಆನಂದವನ್ನು ನಾನು ವರ್ಣಿಸುವುದಿಲ್ಲ.

ಸಂಜೆ ಆ ದೊಡ್ಡ ಜೋಡಿಯಲ್ಲಿ ಹಾಡು ಶುರುವಾಯಿತು. ಬೇಸ್ ಕೋಣೆ ತುಂಬಿತು. ನಾನೇ ಕಂಡುಹಿಡಿದವನಂತೆ ಗೋಡೆಗೊರಗಿ ಬೀಗುತ್ತಿದ್ದೆ. ಅಷ್ಟರಲ್ಲಿ ಮಗಳ ಬೆರಳು ಜಾರಿ, ಒಂದು ತಪ್ಪು ಸ್ವರ ಕಲ್ಲುಗುಂಡಿನಂತೆ ಉರುಳಿಬಿತ್ತು. ಹಾಡು ನಿಂತಿತು.

"ಏನೇ ಅದು?" ಅಂದಳು ಯಜಮಾನಿ.

"ತಪ್ಪಾಯ್ತು. ಅಲ್ಲಿ ಯಾವಾಗ್ಲೂ ತಪ್ಪುತ್ತೆ."

"ಯಾವಾಗ್ಲೂನಾ? ನಂಗೆ ಇವತ್ತೇ ಕೇಳಿಸಿದ್ದು!" ಯಜಮಾನಿ ನಕ್ಕಳು. "ಸರಿ, ಕಾರ್ಯಕ್ರಮಕ್ಕೆ ನೀನಿರು. ಆದ್ರೆ ಆ ಜಾಗ ಸರಿಯಾಗೋವರೆಗೂ ಇವತ್ತು ಯಾರೂ ಮನೆಗೆ ಹೋಗಲ್ಲ."

ಮಗಳು ನನ್ನ ಕಡೆ ದುರುಗುಟ್ಟಿ ನೋಡಿದಳು. "ಇಷ್ಟು ಚೆನ್ನಾಗಿ ಕೇಳಿಸೋದೂ ಬೇಕಿರ್ಲಿಲ್ಲ ಕಣಪ್ಪಾ."