ಚೌಡಾಪುರದಲ್ಲಿ ನಿಲ್ಲುವ ಕಥೆ

ನಮ್ಮ ಕೊಳಕೂರಿನಲ್ಲಿ ಸಾವಾದ ಮನೆಗೆ ಮಾತಾಡಿಸಲು ಬಂದವರಿಗೆಲ್ಲ ಸತ್ತವರ ಕೊನೆಯ ದಿನವನ್ನು ಮೊದಲಿನಿಂದ ಹೇಳಬೇಕು. ಹನ್ನೊಂದು ದಿನದಿಂದ ನನ್ನ ಅವ್ವ ಕಸ್ತೂರಿಬಾಯಿ ಅಪ್ಪ ಕಲ್ಲಿನಾಥರ ಕಥೆ ಹೇಳುತ್ತಲೇ ಇದ್ದಳು. ಹೇಳುವಾಗ ಮಾತ್ರ ಅವಳಿಗೆ ಉಸಿರು ಬರುತ್ತಿತ್ತು. ನನಗೆ ಉಸಿರು ಕಟ್ಟುತ್ತಿತ್ತು.

"ಮುಂಜಾನಿ ಮೂರು ರೊಟ್ಟಿ ಉಂಡು ಗಾಡಿ ಹತ್ತಿದ್ರು..."

"ನಿನ್ನಿ ಎರಡ ಅಂದಿದ್ದಿ," ಸೋದರತ್ತೆ ಸುಂದರಬಾಯಿ ಮೂಲೆಯಿಂದ ಚುಚ್ಚಿದಳು.

"ನನ್ನ ಗಂಡಗ ನಾ ಎಷ್ಟರ ಉಣಸ್ತೇನಿ, ನಿಂದೇನ ಹೋತು?"

ಬಂದವರು ಅಳುತ್ತಲೇ ನಕ್ಕರು. ನಾನು ನಗಲಿಲ್ಲ. ಕಥೆ ಚೌಡಾಪುರಕ್ಕೆ ಬರುತ್ತಿತ್ತು. ಅವ್ವ ಪ್ರತಿಸಲ ನಿಲ್ಲುತ್ತಿದ್ದದ್ದು ಅಲ್ಲೇ.

"ಗಾಣಗಾಪುರದಾಗ ಕೆಲಸ ಮುಗಿಸಿ ಚೌಡಾಪುರದಾಗ ಚಹಾ ಕುಡದಾರ. ಮನಿಗಿ ಬರಬೇಕಾದವರು ಅಫಜಲಪುರದ ಹಾದಿ ಯಾಕ ಹಿಡದ್ರು? ಅಷ್ಟ ನನಗ ತಿಳೀವಲ್ದು."

ಆ ಹಾದಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಅಪ್ಪನ ಗಾಡಿ ಬಡಿದಿತ್ತು. ಯಾಕೆ ಹಿಡಿದರೆಂದು ನನಗೆ ಗೊತ್ತಿತ್ತು. ಅಫಜಲಪುರದಲ್ಲಿ ಪರೀಕ್ಷೆ ಮುಗಿಸಿ, ಗೆಳತಿಯರ ಜೊತೆ ಫೋಟೊ ತೆಗೆಸಿಕೊಳ್ಳುತ್ತ ಬಸ್ಸು ತಪ್ಪಿಸಿಕೊಂಡು ಫೋನ್ ಮಾಡಿದ್ದೆ. "ಅಪ್ಪಾ, ಲಗೂನ ಬಾ." ಅವರ ಫೋನ್ ಪುಡಿಯಾಗಿತ್ತು. ನನ್ನದರಲ್ಲಿದ್ದ ಆ ಕರೆಯನ್ನು ಅವತ್ತೇ ಅಳಿಸಿದ್ದೆ.

ಹನ್ನೆರಡನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಬಿಳಿ ಟೋಪಿಯ ಒಬ್ಬರು ನಿಂತರು.

"ನಾ ಯಾಕೂಬಸಾಬ್ರಿ, ಬಾಯಾರ. ಚೌಡಾಪುರದಾಗ ನಂದ ಚಹಾದಂಗಡಿ. ಕಲ್ಲಿನಾಥ ಸಾವಕಾರ್ರು ಆಖರಿಗಿ ನನ್ನ ಅಂಗಡ್ಯಾಗ ಕುಂತಿದ್ರು."

ನಾನು ಅವರಿಗೆ ತಂಬಿಗೆಯಲ್ಲಿ ನೀರು ಕೊಟ್ಟು ಗೋಡೆಗೆ ಸರಿದು ನಿಂತೆ.

ಅವ್ವ ಶುರು ಮಾಡಿದಳು. ರೊಟ್ಟಿ ಈಗ ನಾಲ್ಕಾಗಿದ್ದವು, ಅತ್ತೆ ಈ ಸಲ ಎಣಿಸಲಿಲ್ಲ. ಗಾಣಗಾಪುರ ಆಯಿತು. ಚೌಡಾಪುರ ಬಂತು.

"ಮುಂದಿಂದು ನೀವ ಹೇಳ್ರಿ, ಸಾಬ."

"ಅರ್ಧಾ ಚಹಾ ಕುಡದಿದ್ರರಿ. ಫೋನ್ ಬಂತು. ನಕ್ಕೋತ, 'ನಮ್ಮ ಹುಡುಗಿ...'" ಅಂದವರು ನನ್ನ ಮುಖ ನೋಡಿ ತಡೆದರು. "ಖರೇ ಅಂದ್ರ, ಬಾಯಾರ, ಗದ್ದಲದಾಗ ನನಗ ಸರೀ ಕೇಳಸಲಿಲ್ಲರಿ."

ನಾನು ಬದುಕಿದೆ ಅಂದುಕೊಂಡೆ. ಆದರೆ ಅವ್ವ ಮತ್ತೆ ಚೌಡಾಪುರದಲ್ಲೇ ಒಬ್ಬಳೇ ನಿಂತುಬಿಟ್ಟಿದ್ದಳು. ನಾಳೆಯೂ ಅಲ್ಲೇ ನಿಲ್ಲುತ್ತಾಳೆ. ಸಾಯುವವರೆಗೂ.

"ಫೋನ್ ನಾ ಮಾಡಿದ್ದೆ," ಅಂದೆ. ಬಸ್ಸು, ಫೋಟೊ, ಲಗೂನ ಬಾ ಅಂದದ್ದು, ಎಲ್ಲ ಹೇಳಿದೆ.

ಅವ್ವ ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅವಳು ಯಾಕೂಬಸಾಬರ ಕಡೆ ತಿರುಗಿ ಕೇಳಿದಳು.

"ನಕ್ಕಿದ್ರೇನ್ರಿ, ಸಾಬ?"

"ಹೌದ್ರಿ, ಬಾಯಾರ. ನಕ್ಕೋತ ಗಾಡಿ ಹತ್ತಿದ್ರು."

ಸಂಜೆ ಆಳಂದದಿಂದ ಅವ್ವನ ಗೆಳತಿ ಜಯಮಾಲಾ ಬಂದರು. ಅವ್ವ ಮೊದಲಿನಿಂದ ಹೇಳುತ್ತ ಚೌಡಾಪುರಕ್ಕೆ ಬಂದು ನಿಂತಳು. ನೋಯುವ ಹಾಗೆ ನನ್ನ ಕೈ ಹಿಡಿದಳು.

"ಇಲ್ಲಿಂದ ನೀ ಹೇಳ್ಬೇ, ವಿಜಯಶ್ರೀ. ನಕ್ಕಿದ್ದು ಬಿಡಬ್ಯಾಡ."

ನಾನು ಜಯಮಾಲಾ ಅವರ ಕಡೆ ತಿರುಗಿದೆ. ಹೊರಗೆ ಇನ್ನೂ ಇಬ್ಬರು ಚಪ್ಪಲಿ ಬಿಡುತ್ತಿದ್ದರು.