ಐದು ದೇಶಗಳ ಅಗುಳಿ

ಸಭಾಂಗಣದಲ್ಲಿ ಅವರ ಕುರ್ಚಿಯನ್ನು ಎಲ್ಲೇ ಹಾಕಿರಲಿ, ಅಧ್ಯಕ್ಷರ ಬಲಮಗ್ಗುಲಿನ ಮೆತ್ತನೆಯ ಕುರ್ಚಿಯೇ ಆಗಿರಲಿ, ಅವರು ಅದನ್ನು ನೆಲದ ಮೇಲೆ ಕರಕರ ಎಳೆದುಕೊಂಡು ಹೋಗಿ, ಬಾಗಿಲಿಗೆ ಒತ್ತಿ ಹಾಕಿ, ಕಾಲು ಅಗಲಿಸಿ, ಹೊಟ್ಟೆಯ ಮೇಲೆ ಕೈಕಟ್ಟಿ ಕೂತುಬಿಡುತ್ತಿದ್ದರು. ಒಂದೇ ಸಮುದ್ರದ ಸುತ್ತ ಬದುಕುವ ಐದು ದೇಶಗಳು ಅದರ ಮಾಲಿನ್ಯ ತಡೆಯಲು ಒಪ್ಪಂದವೊಂದಕ್ಕೆ ಬರಬೇಕೆಂದು ವರ್ಷಗಟ್ಟಲೆ ನಡೆಸಿದ ಮಾತುಕತೆಗೆ ಅವರು ಕಾರ್ಯದರ್ಶಿ. ಬೀದಿಯಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡು, ಕೊನೆಗೆ ವೀಕ್ಷಕರೆಂಬ ಬಿಲ್ಲೆ ಸಿಕ್ಕಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುವ ಭಾಗ್ಯ ಪಡೆದ ಚಳವಳಿಯವರಾದ ನಾವು ಅವರಿಗೆ ಇಟ್ಟ ಹೆಸರು ಅಗುಳಿ. ಅದು ಪ್ರೀತಿಯಿಂದ ಇಟ್ಟ ಹೆಸರೇನಲ್ಲ.

ಬಾಗಿಲ ಹುಚ್ಚಿಗೆ ಕಾರಣವಿತ್ತು. ಐದೂ ದೇಶಗಳ ಪ್ರತಿನಿಧಿಗಳು ಕೋಣೆಯೊಳಗೆ ಇದ್ದರೆ ಮಾತ್ರ ತೀರ್ಮಾನ; ಒಬ್ಬರು ಎದ್ದು ಹೋದರೂ ಅಧಿವೇಶನ ಅಲ್ಲಿಗೇ ಬರಖಾಸ್ತು. ಹೀಗಾಗಿ, ಎದುರು ನಿಂತು ವಿರೋಧಿಸಿ ಕೆಟ್ಟ ಹೆಸರು ಹೊರುವುದಕ್ಕಿಂತ ಮೆಲ್ಲಗೆ ಜಾಗ ಖಾಲಿ ಮಾಡುವುದೇ ಅಲ್ಲಿನ ರಾಜತಂತ್ರ. ಮೊದಲ ಅಧಿವೇಶನದಲ್ಲಿ ಒಬ್ಬ ಪ್ರತಿನಿಧಿ, "ಒಂದು ಸಿಗರೇಟು ಸೇದಿ ಬಂದೆ" ಎಂದು ಹೊರಗೆ ಹೋದವನು ನೆಟ್ಟಗೆ ವಿಮಾನ ನಿಲ್ದಾಣಕ್ಕೆ ಹೋಗಿ, ತನ್ನ ದೇಶದಲ್ಲಿ ಇಳಿದ ಮೇಲೆಯೇ ಅದನ್ನು ಹಚ್ಚಿದ್ದು. ಅವನಿಗೆ ವಿನಯದಿಂದ ಬಾಗಿಲು ತೆರೆದು, ಬೆಂಕಿಪೊಟ್ಟಣವನ್ನೂ ಕೊಟ್ಟು ಕಳಿಸಿದವರು ಇದೇ ಕಾರ್ಯದರ್ಶಿಗಳು. ಅಷ್ಟು ದಿನದ ಶ್ರಮವೆಲ್ಲ ನೀರಿನಲ್ಲಿ ಹೋಮವಾಯಿತು. ಅಂದಿನಿಂದ ಅವರು ವಿನಯ ಬಿಟ್ಟರು, ಕುರ್ಚಿ ಹಿಡಿದರು.

ಬೇಸಿಗೆಯಲ್ಲೂ ಬಿಡದ ಒಂದು ಕಂದು ಕೋಟು ಅವರ ಮೈಮೇಲೆ ಇರುತ್ತಿತ್ತು. ಅದರ ಜೇಬುಗಳು ಗರ್ಭಿಣಿಯ ಹೊಟ್ಟೆಯಂತೆ ಉಬ್ಬಿರುತ್ತಿದ್ದವು. ತಲೆನೋವು ಎಂದವರಿಗೆ ಅದರೊಳಗಿಂದ ಮಾತ್ರೆ, ಹಸಿವೆಂದವರಿಗೆ ಬಿಸ್ಕತ್ತು, ಗಂಟಲು ಕಟ್ಟಿದವರಿಗೆ ಶುಂಠಿ ಪೆಪ್ಪರಮೆಂಟು, ಕನ್ನಡಕ ಸಡಿಲವಾದವರಿಗೆ ಪುಟ್ಟ ಸ್ಕ್ರೂಡ್ರೈವರು. ಹೊರಗೆ ಹೋಗಲು ಯಾವ ನೆಪ ಹುಟ್ಟಿದರೂ ಅದರ ಔಷಧ ಆ ಕೋಟಿನಲ್ಲಿತ್ತು. ಮಾತು ಮಾತಿಗೆ "ಅದಿರಲಿ" ಎನ್ನುವುದು ಅವರ ಚಾಳಿ. ಎಂಥ ಬೈಗುಳವನ್ನೂ ಆ ಒಂದು ಪದದಿಂದ ಪಕ್ಕಕ್ಕೆ ಸರಿಸಿ, ತಮ್ಮ ಮಾತನ್ನು ಮುಂದಕ್ಕೆ ತಳ್ಳುತ್ತಿದ್ದರು.

ಹಿಂದಿನ ಬೆಂಚಿನಲ್ಲಿದ್ದ ನಮಗೆ ಈ ಉಪಚಾರ ಕಂಡರೆ ಮೈಯುರಿಯುತ್ತಿತ್ತು. ನಮ್ಮೊಂದಿಗಿದ್ದ ಬಲೆ ಹೆಣೆಯುವ ಹೆಂಗಸೊಬ್ಬಳು, ಹಡಗಿನ ತೊಟ್ಟಿ ತೊಳೆದ ಎಣ್ಣೆನೀರು ಮೆತ್ತಿ ಗಂಡನ ಬಲೆಯೆಲ್ಲ ಕಪ್ಪಾದವಳು, ಊಟದ ವಿರಾಮದಲ್ಲಿ ಅವರನ್ನು ಅಡ್ಡಗಟ್ಟಿದಳು.

"ಆ ಕೊಳಕರನ್ನ ಕತ್ತು ಹಿಡಿದು ಆಚೆ ದಬ್ಬೋದು ಬಿಟ್ಟು ಬಿಸ್ಕತ್ತು ತಿನ್ನಿಸ್ತಾ ಕೂತಿದೀರಲ್ರೀ, ನಾಚಿಕೆ ಆಗಲ್ವಾ?"

"ಅದಿರಲಿ ತಾಯಿ. ಆಚೆ ದಬ್ಬಿದ್ರೆ ಎಲ್ಲಿಗೆ ಹೋಗ್ತಾರೆ ಅವರು? ಅದೇ ಸಮುದ್ರಕ್ಕೆ ತಾನೇ?"

ಅವಳು ಮೂಗು ಮುರಿದಳು. ಆದರೆ ಅವರು ನೀಡಿದ ಬಿಸ್ಕತ್ತನ್ನು ತಿಂದಳು.

ಕೊನೆಯ ಅಧಿವೇಶನಕ್ಕೆ ಉಳಿದದ್ದು ಒಂದೇ ಮಾತು: ಹಡಗುಗಳು ತೊಟ್ಟಿ ತೊಳೆದ ನೀರನ್ನು ಸಮುದ್ರಕ್ಕೆ ಸುರಿಯಕೂಡದು, ಅದನ್ನು ಇಳಿಸಿಕೊಳ್ಳುವ ವ್ಯವಸ್ಥೆಯನ್ನು ಪ್ರತಿಯೊಂದು ಬಂದರು ಸ್ವಂತ ಖರ್ಚಿನಲ್ಲಿ ಕಟ್ಟಬೇಕು. ನಾಲ್ಕು ದೇಶಗಳು ಗೊಣಗುತ್ತಲೇ ತಲೆಯಾಡಿಸಿದ್ದವು. ಐದನೆಯದು ಕಾರ್ಯದರ್ಶಿಗಳ ಸ್ವಂತ ದೇಶ. ಅದರ ಪ್ರತಿನಿಧಿ ಅವರ ಅಕ್ಕನ ಗಂಡ. ಈ ನಂಟನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಇವರನ್ನು ಓದಿಸಿದ್ದು, ಮೊದಲ ಕೆಲಸಕ್ಕೆ ಶಿಫಾರಸು ಮಾಡಿದ್ದು, ಆ ಕಂದು ಕೋಟನ್ನು ಹೊಲಿಸಿಕೊಟ್ಟದ್ದು ಆ ಭಾವನೇ. ಬಂದರಿನ ಖರ್ಚು ತಮ್ಮ ತಲೆಗೇ ಬರುವುದೆಂದು ಹೆದರಿದ ಎಣ್ಣೆ ಕಾರ್ಖಾನೆಯವರ ಒತ್ತಡಕ್ಕೆ ಮಣಿದು ತಮ್ಮ ಸರ್ಕಾರ ಭಾವನನ್ನು ಹಿಂದಕ್ಕೆ ಕರೆಸುತ್ತದೆಂಬ ವಾಸನೆ ಇವರಿಗೆ ಮೊದಲೇ ಬಡಿದಿತ್ತು. ಅಂದು ಬೆಳಗ್ಗೆ ಅಕ್ಕನ ಫೋನೂ ಬಂದಿತ್ತು: "ನಿಮ್ಮ ಭಾವನಿಗೆ ಇವತ್ತು ಅಡ್ಡ ನಿಂತ್ಯೋ, ನನಗೆ ತಮ್ಮನೇ ಇಲ್ಲ ಅಂದ್ಕೋತೀನಿ."

ಮಧ್ಯಾಹ್ನ, ಅಧ್ಯಕ್ಷರು ತೀರ್ಮಾನ ಓದಲು ಕನ್ನಡಕ ಏರಿಸುತ್ತಿದ್ದಂತೆ, ಭಾವ ಎದ್ದು ಬಾಗಿಲಿಗೆ ಬಂದರು.

"ಎಲ್ಲಿಗೆ ಭಾವ?"

"ಬಚ್ಚಲಿಗೆ ಕಣಯ್ಯ. ಅದಕ್ಕೂ ನಿನ್ನ ಅಪ್ಪಣೆ ಬೇಕಾ?"

"ಬಚ್ಚಲಿಗೆ ಬ್ಯಾಗ್ ಯಾಕೆ?"

ಭಾವ ದನಿ ತಗ್ಗಿಸಿದರು. "ಎದ್ದು ಬಾ ಅಂತ ಮೇಲಿಂದ ಫೋನ್ ಬಂದಿದೆ. ಕಾರ್ಖಾನೆಯವರು ಮಂತ್ರಿ ಮನೇಲೇ ಕೂತಿದಾರಂತೆ. ಇದು ಪಾಸಾದ್ರೆ ನನ್ನ ಕೆಲಸ ಹೋಯ್ತು, ಮನೆ ಹೋಯ್ತು. ನಿನ್ನ ಅಕ್ಕನ ಮುಖ ನೋಡಾದ್ರೂ ಕುರ್ಚಿ ಸರಿಸೋ."

ಕಾರ್ಯದರ್ಶಿಗಳು ಕುರ್ಚಿ ಸರಿಸಿದರು. ಬಾಗಿಲನ್ನೂ ತೆರೆದರು. ಆದರೆ ಭಾವ ಹೊರಗೆ ಕಾಲಿಡಲಿಲ್ಲ, ಏಕೆಂದರೆ ಬೆನ್ನ ಹಿಂದೆ ಇಡೀ ಸಭೆ ಸ್ತಬ್ಧವಾಗಿತ್ತು. ಮೇಜಿನಿಂದ ದೂರ ಕೂರುವ ಈ ಮನುಷ್ಯನಿಗೆಂದು ಕೋಟಿನ ಕಾಲರಿಗೆ ಒಂದು ಪುಟ್ಟ ಮೈಕು ಸಿಕ್ಕಿಸಿದ್ದರು. ಗಾಜಿನ ಗೂಡುಗಳಲ್ಲಿ ಕೂತಿದ್ದ ದುಭಾಷಿಗಳು, ಕೇಳಿದ್ದನ್ನೆಲ್ಲ ಅನುವಾದಿಸುವುದೇ ತಮ್ಮ ಧರ್ಮವಾದ್ದರಿಂದ, ಬಚ್ಚಲು, ಬ್ಯಾಗು, ಮಂತ್ರಿಯ ಮನೆ, ಅಕ್ಕನ ಮುಖ ಯಾವುದನ್ನೂ ಬಿಡದೆ ಎಲ್ಲ ಭಾಷೆಗಳಿಗೂ ಇಳಿಸಿದ್ದರು. ಪತ್ರಕರ್ತರು ಬರೆದುಕೊಳ್ಳುತ್ತಿದ್ದರು. ಇನ್ನು ಹೊರಟರೂ, ವಿರೋಧಿಸಿದರೂ, ಕಾರ್ಖಾನೆಯ ಆಳೆಂದು ಒಪ್ಪಿಕೊಂಡಂತೆ. ಭಾವ ಬ್ಯಾಗು ಹಿಡಿದೇ ಹಿಂತಿರುಗಿ, ತಮ್ಮ ಜಾಗದಲ್ಲಿ ಕಲ್ಲಿನಂತೆ ಕೂತರು. ಅಧ್ಯಕ್ಷರು ಆಕ್ಷೇಪವಿದೆಯೇ ಎಂದು ಕೇಳಿದಾಗ ಯಾವ ಕೈಯೂ ಮೇಲೇಳಲಿಲ್ಲ; ತೀರ್ಮಾನ ಪಾಸಾಯಿತು.

ಆಮೇಲೆ ಮೆಟ್ಟಿಲ ಬಳಿ ಬಲೆಯವಳು ಅವರನ್ನು ಕೇಳಿಯೇಬಿಟ್ಟಳು. "ಮೈಕು ಇದ್ದದ್ದು ಮರೆತಿದ್ರಾ ಸಾಹೇಬ್ರೇ?"

"ನನ್ನ ಕೋಟಲ್ಲಿ ಏನೇನಿದೆ ಅಂತ ನನಗೆ ಗೊತ್ತಿರಲ್ವೇನಮ್ಮಾ?" ಎಂದರು. ಅಂದು ಮಾತ್ರ "ಅದಿರಲಿ" ಎನ್ನಲಿಲ್ಲ.

ಭಾವನ ಕೆಲಸ ಹೋಯಿತು. ಅಕ್ಕ ಆಡಿದಂತೆ ನಡೆದುಕೊಂಡಳು. ಮಗಳ ಮದುವೆಗೂ ತಮ್ಮನನ್ನು ಕರೆಯಲಿಲ್ಲ. ಸಮುದ್ರದ ಮಾತಿಗೆ ಬಂದರೆ, ಮೂರು ದೇಶಗಳ ಬಂದರುಗಳಲ್ಲಿ ತೊಟ್ಟಿ ಕಟ್ಟಿದರು, ಬಲೆಗಳು ಹಿಂದಿನಷ್ಟು ಕಪ್ಪಾಗುವುದಿಲ್ಲ. ಇನ್ನೆರಡು ದೇಶಗಳು ಇವತ್ತಿಗೂ ಕಾಗದ ತೋರಿಸಿ ಹಲ್ಲು ಕಿರಿಯುತ್ತಿವೆ. ಬಂದ ಲಾಭ ಇಷ್ಟು.

ಸಮುದ್ರವನ್ನು ಪ್ರೀತಿಸುವವರು ಎಲ್ಲ ದಡಗಳಲ್ಲೂ ಸಿಗುತ್ತಾರೆ. ಚಳವಳಿಯಲ್ಲಿ ಅವರಿಗೇನೂ ಬರಗಾಲವಿಲ್ಲ, ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸುವವರಿಗೂ ಬರಗಾಲವಿಲ್ಲ. ಈ ಕಾರ್ಯದರ್ಶಿಗಳ ಜಾತಿಯ ಜನ ಬೇರೆ. ಶತ್ರುವನ್ನು ಉಪಚರಿಸಿ ನಮ್ಮಿಂದ ಉಗಿಸಿಕೊಳ್ಳುತ್ತಾರೆ, ಅನ್ನ ಹಾಕಿದವರನ್ನು ಬೆತ್ತಲೆ ನಿಲ್ಲಿಸಿ ಮನೆಯವರಿಂದ ಶಾಪ ಹಾಕಿಸಿಕೊಳ್ಳುತ್ತಾರೆ. ಒಳ್ಳೆಯವರೇ ಎಂದು ಕೇಳಿದರೆ ಹೌದೆನ್ನಲು ನಾಲಿಗೆ ತಡವರಿಸುತ್ತದೆ. ಆದರೆ ಸಹಿ ಬಿದ್ದ ಯಾವ ಒಪ್ಪಂದದ ಅಡಿಯನ್ನು ಕೆದಕಿ ನೋಡಿದರೂ, ಇಂಥವನೊಬ್ಬ ಹೂತುಹೋಗಿರುತ್ತಾನೆ.