ಬಿಳಿ ಗೆರೆಯ ಈಚೆ

ಬುಧವಾರ ಮಧ್ಯಾಹ್ನ ಎರಡೂವರೆಗೆ ಥ್ಯಾಡಿಯಸ್ ಬೂನ್ ಚಿಕಿತ್ಸೆಯ ಕೋಣೆಯಲ್ಲಿ ಎಡಗಾಲಿನ ಮೇಲೆ ಹತ್ತು ಸಲ ಕುಪ್ಪಳಿಸಿದ. ಹತ್ತು ಸಲವೂ ನೋವಾಗಲಿಲ್ಲ. ನೂರ ನಲವತ್ತು ಕಿಲೋ ತೂಕದ ಮೈ ಇಳಿದಾಗಲೆಲ್ಲ ತಟ್ಟೆಯೊಳಗಿನ ಕತ್ತರಿಗಳು ಗಲಗಲ ಎಂದವು.

"ಸಾಕು ಮಾರಾಯ, ನೆಲ ಒಡೆದು ಹಾಕ್ತೀಯ," ಎಂದಳು ಮಾರ್ಟಾ. ತಂಡದವರ ಕೈಕಾಲುಗಳ ಉಸ್ತುವಾರಿ ಅವಳದು. "ಕಣಕಾಲು ಪೂರ್ತಿ ವಾಸಿಯಾಗಿದೆ."

"ಅದನ್ನೇ ಬರೆದು ಮೇಲಕ್ಕೆ ಕಳಿಸು ತಾಯಿ. ನಾಲ್ಕು ಗಂಟೆಯೊಳಗೆ ಹೋಗ್ಬೇಕು."

"ಬೆಳಿಗ್ಗೇನೇ ಕಳಿಸಿದೆ. ಓದಿದ್ರೋ ಇಲ್ವೋ ದೇವರಿಗೇ ಗೊತ್ತು."

ನಾಲ್ಕು ಗಂಟೆ. ಮೂರು ವಾರಗಳಿಂದ ಥ್ಯಾಡಿಯಸ್ ಈ ಎರಡು ಪದಗಳನ್ನೇ ಉಂಡು, ಇವುಗಳ ಮೇಲೇ ಮಲಗಿದ್ದ. ಅಮೆರಿಕನ್ ಫುಟ್‌ಬಾಲ್ ಸೀಸನ್ನಿನ ಎರಡನೇ ಪಂದ್ಯದಲ್ಲಿ ಅವನ ಕಣಕಾಲು ತಿರುಚಿಕೊಂಡಿತ್ತು. ತಂಡ ಅವನನ್ನು ಐವತ್ತಮೂರು ಜನರ ಪಟ್ಟಿಯಿಂದ ತೆಗೆದು ಗಾಯಾಳುಗಳ ಪಟ್ಟಿಗೆ ಹಾಕಿತು. ಅಲ್ಲಿಗೆ ಹೋದವನು ಕಡಿಮೆಯೆಂದರೂ ನಾಲ್ಕು ಪಂದ್ಯ ಆಡುವ ಹಾಗಿಲ್ಲ. ಆಮೇಲೆ ಅಭ್ಯಾಸಕ್ಕೆ ಇಳಿಯಬಹುದು. ಇಳಿದ ದಿನದಿಂದ ಇಪ್ಪತ್ತೊಂದು ದಿನ ಅವಕಾಶ. ಅಷ್ಟರಲ್ಲಿ ತಂಡ ಅವನನ್ನು ಐವತ್ತಮೂರರೊಳಗೆ ಸೇರಿಸಿಕೊಳ್ಳದಿದ್ದರೆ ಆ ವರ್ಷದ ಆಟ ಮುಗಿದಂತೆಯೇ. ಈ ಬುಧವಾರ ನಾಲ್ಕು ಗಂಟೆಗೆ ಅವನ ಇಪ್ಪತ್ತೊಂದು ದಿನ ಮುಗಿಯುತ್ತಿತ್ತು.

ಥ್ಯಾಡಿಯಸ್‌ಗೆ ಮೂವತ್ತಮೂರು ವರ್ಷ. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಾಗಿ ನಿಲ್ಲುವ ಐವರಲ್ಲಿ ಒಬ್ಬ. ಹನ್ನೊಂದು ವರ್ಷದಲ್ಲಿ ಮೂರು ತಂಡಗಳಿಗೆ ಆಡಿದ್ದ. ಒಂದೂ ಪ್ಲೇಆಫ್ ಮುಟ್ಟಿರಲಿಲ್ಲ. ಈ ವರ್ಷ ಟೊಲೆಡೊದ ಈ ತಂಡ ಗೆಲ್ಲುತ್ತಿತ್ತು. ಇನ್ನೊಂದು ವರ್ಷ ಅವನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ ಎಂದು ಅವನ ಮೊಣಕಾಲುಗಳೇ ಹೇಳುತ್ತಿದ್ದವು.

ತಪ್ಪು ಅವನದೇ, ಅದೇ ಸಂಕಟ. ನಾಲ್ಕು ಪಂದ್ಯ ಮುಗಿದ ವಾರ ಡಾಕ್ಟರು, "ಇನ್ನೆರಡು ವಾರ ಸುಮ್ಮನಿರು," ಎಂದಿದ್ದರು. ತನ್ನ ಜಾಗದಲ್ಲಿ ಪೆಟಿಗ್ರೂ ಎಂಬ ಹೊಸಬ ಆಡುವುದನ್ನು ನೋಡಲಾರದೆ ಇವನು ಹಲ್ಲು ಕಚ್ಚಿ ಕುಪ್ಪಳಿಸಿ ತೋರಿಸಿ, "ಏನೂ ನೋವಿಲ್ಲ," ಎಂದು ಸುಳ್ಳು ಹೇಳಿದ. ಮೈದಾನಕ್ಕೆ ಬಿಟ್ಟರು. ಮೂರನೇ ದಿನಕ್ಕೆ ಕಣಕಾಲು ಬಾತು ಕುಂಬಳಕಾಯಿಯಾಯಿತು. ಎರಡು ವಾರ ಮಂಜುಗಡ್ಡೆಯ ತೊಟ್ಟಿಯಲ್ಲಿ ಕಾಲಿಟ್ಟು ಕೂತ. ಕಾಲು ನಿಂತಿತ್ತು, ದಿನಗಳ ಎಣಿಕೆ ನಿಂತಿರಲಿಲ್ಲ.

ಹೊರಗೆ ಅಭ್ಯಾಸ ನಡೆದಿತ್ತು. ಮೈದಾನದ ಅಂಚಿನ ಬಿಳಿ ಗೆರೆಗೆ ಗೇಣು ದೂರದಲ್ಲಿ ಡೇರಿಯನ್ ಫಾಂಟೆನೋ ನಿಂತಿದ್ದ. ಪಟ್ಟಿಯಲ್ಲಿದ್ದವನು ಆ ಗೆರೆ ದಾಟಿದರೆ ಅಭ್ಯಾಸಕ್ಕೆ ಇಳಿದಂತೆ, ಇಪ್ಪತ್ತೊಂದು ದಿನದ ಎಣಿಕೆ ಶುರು. ಓಡುತ್ತ ಚೆಂಡು ಹಿಡಿಯುವುದರಲ್ಲಿ ತಂಡದಲ್ಲೇ ಅವನಷ್ಟು ಚುರುಕಿನವನು ಇನ್ನೊಬ್ಬನಿರಲಿಲ್ಲ. ಮೊಣಕಾಲು ಕೆಡಿಸಿಕೊಂಡು ಅವನೂ ಅದೇ ಪಟ್ಟಿಯಲ್ಲಿದ್ದ; ಕಳೆದ ಭಾನುವಾರಕ್ಕೆ ಅವನ ನಾಲ್ಕು ಪಂದ್ಯ ಮುಗಿದಿದ್ದವು.

"ಏನಣ್ಣಾ, ಇವತ್ತು ಬಿಡುಗಡೆನಾ?"

"ನೋಡ್ಬೇಕು ಮರಿ."

ಚೆಂಡೊಂದು ಹಾರಿ ಇತ್ತ ಬಂತು. ಫಾಂಟೆನೋ ಹಿಡಿಯಲು ಪಕ್ಕಕ್ಕೆ ಜಿಗಿದ. ಇಳಿದಾಗ ಅವನ ಮುಖ ಒಂದು ಕ್ಷಣ ಕಿವುಚಿಕೊಂಡಿತು. ತಕ್ಷಣ ನಕ್ಕುಬಿಟ್ಟ. ಥ್ಯಾಡಿಯಸ್ ಆ ನಗೆಯನ್ನು ಬಲ್ಲ. ಮೂರು ವಾರದ ಹಿಂದೆ ತಾನೂ ಹಾಗೇ ನಕ್ಕಿದ್ದ.

ಒಂದು ವರ್ಷದಲ್ಲಿ ಎಂಟು ಜನರನ್ನಷ್ಟೇ ಗಾಯಾಳುಗಳ ಪಟ್ಟಿಯಿಂದ ವಾಪಸ್ ಕರೆಸಬಹುದು. ಏಳು ಆಗಿಹೋಗಿತ್ತು. ಎಂಟನೆಯದನ್ನು ಫಾಂಟೆನೋಗಾಗಿ ಕಾದಿಟ್ಟಿದ್ದಾರೆ ಎಂದು ಗಾಳಿಸುದ್ದಿ. ಆ ಮುಖ ಕಿವುಚಿಕೊಂಡದ್ದು ಮೇಲಿನವರಿಗೆ ಗೊತ್ತಿದೆಯೇ?

ಥ್ಯಾಡಿಯಸ್ ಮೆಟ್ಟಿಲು ಹತ್ತಿದ. ಹೆದರಿಕೆಯಾದಾಗ ಹೇಳಿಕೊಳ್ಳೆಂದು ಅಜ್ಜಿ ಬಾಯಿಪಾಠ ಮಾಡಿಸಿದ್ದ ಪ್ರಾರ್ಥನೆಯನ್ನು ಶುರುಮಾಡಿ, ನಡುವೆಯೇ ನಿಲ್ಲಿಸಿದ. ಮಾಡಲು ಹೊರಟಿದ್ದ ಕೆಲಸಕ್ಕೆ ಅದು ಒಗ್ಗಲಿಲ್ಲ.

ಮ್ಯಾನೇಜರ್ ಹಾಲ್ವರ್ಸನ್ ಟರ್ಕಿ ಸ್ಯಾಂಡ್‌ವಿಚ್ ಬಿಚ್ಚುತ್ತಿದ್ದ. ಅವನ ಹಿಂದಿನ ಗೋಡೆಯಲ್ಲಿ ಐವತ್ತಮೂರು ಹೆಸರುಗಳ ಚೀಟಿಗಳು.

"ಕೂತ್ಕೋ ಬೂನ್."

"ಕೂರಲ್ಲ ಸಾರ್. ಏಳು ವಾರದಿಂದ ಕೂತೇ ಇದ್ದೀನಿ."

"ಮಾರ್ಟಾ ಬರೆದದ್ದು ನೋಡಿದೆ. ಆದ್ರೆ ಉಳಿದಿರೋದು ಒಂದೇ."

"ಫಾಂಟೆನೋ ಮೊಣಕಾಲು ಇನ್ನೂ ಸರಿಯಾಗಿಲ್ಲ," ಎಂದುಬಿಟ್ಟ ಥ್ಯಾಡಿಯಸ್. "ಈಗಷ್ಟೇ ಕಣ್ಣಾರೆ ನೋಡಿದೆ."

"ಗೊತ್ತು. ಡಿಸೆಂಬರ್‌ವರೆಗೂ ಆಗಲ್ಲ ಅಂದಿದ್ದಾರೆ ಡಾಕ್ಟರು."

"ಮತ್ತೆ?"

"ಅವನು ಇನ್ನೂ ಅಭ್ಯಾಸಕ್ಕೆ ಇಳಿದಿಲ್ಲ. ಇಪ್ಪತ್ತೊಂದು ದಿನವೂ ಹಾಗೇ ಇದೆ. ನಮಗೆ ಬೇಕಾದಾಗ ಶುರು ಮಾಡ್ತೀವಿ. ನಿನ್ನ ಹತ್ರ ಇರೋದು ಮುಕ್ಕಾಲು ಗಂಟೆ."

"ಅಂದ್ರೆ ಕುಂಟೋ ಕಾಲು ಬೇಕು, ನೆಟ್ಟಗಿರೋ ಕಾಲು ಬೇಡ."

"ನಿನ್ನ ಜಾಗದಲ್ಲಿ ಪೆಟಿಗ್ರೂ ಹೇಗೋ ನಿಭಾಯಿಸ್ತಿದ್ದಾನೆ. ಫಾಂಟೆನೋ ಜಾಗದಲ್ಲಿ ಯಾರಿದ್ದಾರೆ ಹೇಳು?"

"ಪೆಟಿಗ್ರೂ! ಸೊಂಟ ಬಗ್ಗಿಸೋದೇ ಗೊತ್ತಿಲ್ಲ ಅವನಿಗೆ!"

"ಎರಡು ವಾರ ಸುಮ್ಮನಿದ್ದಿದ್ರೆ ಇವತ್ತು ನಿನ್ನ ಹತ್ರ ಇನ್ನೂ ಎರಡು ವಾರ ಇರ್ತಿತ್ತು ಬೂನ್. ಅಷ್ಟರಲ್ಲಿ ಏನಾದ್ರೂ ದಾರಿ ಕಾಣ್ತಿತ್ತು." ಹಾಲ್ವರ್ಸನ್ ಸ್ಯಾಂಡ್‌ವಿಚ್ ಪಕ್ಕಕ್ಕಿಟ್ಟ. "ನಿಯಮ ನಾನು ಮಾಡಿದ್ದಲ್ಲ."

ಬೈಯಲು ಒಬ್ಬ ಮನುಷ್ಯನಾದರೂ ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಥ್ಯಾಡಿಯಸ್ ಬಾಗಿಲನ್ನು ಜೋರಾಗಿ ಬಡಿಯಲು ನೋಡಿದ. ಅದು ತಾನಾಗಿ ಮೆಲ್ಲಗೆ ಮುಚ್ಚಿಕೊಳ್ಳುವ ಬಾಗಿಲು.

ಎಲ್ಲೆಲ್ಲೋ ಸುತ್ತಾಡಿ ಮತ್ತೆ ಮೈದಾನಕ್ಕೆ ಬಂದಾಗ ನಾಲ್ಕು ದಾಟಿತ್ತು. ಜೇಬಿನಲ್ಲಿ ಫೋನ್ ಒಮ್ಮೆ ಗುಂಯ್‌ಗುಟ್ಟಿತು. ಅವನು ತೆಗೆದು ನೋಡಲಿಲ್ಲ.

ಫಾಂಟೆನೋ ಅಲ್ಲೇ ಇದ್ದ. "ನಂಗೂ ನಿಂತೂ ನಿಂತೂ ಹುಚ್ಚು ಹಿಡೀತಿದೆ ಅಣ್ಣಾ. ಮಾರ್ಟಾಗೆ ಹೇಳಿ ನಾಳೆ ಇಳಿದೇಬಿಡ್ತೀನಿ. ಸ್ವಲ್ಪ ಬಿಗಿ ಇದೆ, ಅಷ್ಟೆ."

"ಆ ಕಾಲಿನ ಮೇಲೆ ಹತ್ತು ಸಲ ಕುಪ್ಪಳಿಸು."

"ಯಾಕೆ?"

"ಕುಪ್ಪಳಿಸೋ."

ನಾಲ್ಕನೆಯದಕ್ಕೆ ಫಾಂಟೆನೋ ನಿಂತ. ನಗಲು ಹೋದ, ಆಗಲಿಲ್ಲ.

"ಬಾಯಿ ಮುಚ್ಕೊಂಡು ಡಿಸೆಂಬರ್‌ವರೆಗೂ ಇರು. ನಿನ್ನ ಕಾಲು ಸರಿಯಿಲ್ಲ ಅಂತ ಮೇಲೆ ಗೊತ್ತು. ನಾನೂ ಈಗ ಹೋಗಿ ಹೇಳ್ಬಂದೆ."

"ನೀನಾ?"

"ನನ್ನ ಜಾಗಕ್ಕೋಸ್ಕರ. ಸಿಗಲಿಲ್ಲ."

ಫಾಂಟೆನೋ ಗಕ್ಕನೆ ತಿರುಗಿ ನಿಂತ. "ಅಣ್ಣ ಅಂತ ಕರೀತಿದ್ದೆ ನಿನ್ನ."

"ಇನ್ನು ಕರೀಬೇಡ. ಆದ್ರೆ ಆ ಕಾಲು ಹಿಂದಕ್ಕೆ ತಗೋ."

ಫಾಂಟೆನೋ ಕೆಳಗೆ ನೋಡಿದ. ಮಾತಿನ ಭರದಲ್ಲಿ ಅವನ ಬೂಟಿನ ತುದಿ ಬಿಳಿ ಗೆರೆಯ ಮೇಲೆ ಬಂದಿತ್ತು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು, ಆಮೇಲೆ ಹಿಂದಕ್ಕೆಳೆದುಕೊಂಡ. ಹತ್ತು ಹೆಜ್ಜೆ ಆಚೆ ಹೋಗಿ ನಿಂತ. ಗೆರೆಯ ಈಚೆಯೇ.

ಹುಲ್ಲಿನ ಮೇಲೆ ಸೀಟಿ ಮೊಳಗಿತು. ಪೆಟಿಗ್ರೂ ಎದುರಾಳಿಗೆ ಅಡ್ಡ ನಿಲ್ಲಲು ಹೋಗಿ, ತಳ್ಳಿಸಿಕೊಂಡು ಅಂಗಾತ ಬಿದ್ದ.

"ಸೊಂಟ ಬಗ್ಸೋ!" ಥ್ಯಾಡಿಯಸ್ ಗಂಟಲು ಹರಿಯುವಂತೆ ಕೂಗಿದ. "ಕಂಬದ ಥರ ನಿಂತ್ರೆ ಬೀಳದೆ ಇನ್ನೇನಾಗುತ್ತೆ?"

ಪೆಟಿಗ್ರೂ ಎದ್ದು, ಹುಲ್ಲು ಕೊಡವಿಕೊಂಡು, ಇತ್ತ ನೋಡಿದ. ಮುಂದಿನ ಸೀಟಿಗೆ ಸೊಂಟ ಬಗ್ಗಿಸಿ ನಿಂತ.

"ಇನ್ನೂ!" ಎಂದ ಥ್ಯಾಡಿಯಸ್, ವಾಸಿಯಾದ ಕಾಲನ್ನು ನೆಲಕ್ಕೆ ಬಡಿದು. "ಇನ್ನೂ ಕೆಳಗೆ!"